ಮುಂದಿನ ಬಾಗಿಲ ಪರವಾನಗಿ

ಸಾಂಗಲಿ ಪಕ್ಕದ ಕುಪವಾಡದ ದುಂಡವ್ವನಿಗೆ ಹಿತ್ತಲ ಬಾಗಿಲು ಕಂಡರೆ ಆಗುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷವೇ ಗಂಡ ಜ್ಯೋತೆಪ್ಪನ ಬೆನ್ನು ಹತ್ತಿ, ಇದ್ದ ಒಂದು ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿಸಿಬಿಟ್ಟಳು. ಜ್ಯೋತೆಪ್ಪ ಪಾಪದ ಮನುಷ್ಯ, ಮಿಲ್ಲಿನಲ್ಲಿ ದುಡಿದು ಬಂದು ಉಂಡು ಮಲಗುವವ. "ಎರಡು ಬಾಗಲ ಇದ್ದರ ಮನಿಯಾಗ ಗಾಳಿ ಆಡತೈತಿ" ಎಂದು ಗೊಣಗಿದ. "ಬರೂದಿದ್ದರ ಗಾಳೀನೂ ಮುಂದಿನ ಬಾಗಲದಿಂದ ಬರಲಿ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅವಳ ಹಟಕ್ಕೆ ಕಾರಣವಿತ್ತು. ಅವಳ ಅವ್ವ ಸಾವಂತ್ರವ್ವ ಸಮಡೋಳಿಯಲ್ಲಿ ಬೆಲ್ಲ ಕೊಳೆಹಾಕಿ ಭಟ್ಟಿ ಇಳಿಸಿ ಮಕ್ಕಳನ್ನು ಸಾಕಿದವಳು. ಗಿರಾಕಿಗಳು ಬರುವುದು ಹಿತ್ತಲಿಂದ. ಕತ್ತಲಲ್ಲಿ "ಅಕ್ಕಾ, ಅಕ್ಕಾ" ಎಂದು ಪಿಸುಗುಟ್ಟಿ ಬಾಟಲಿ ಇಸಕೊಂಡು ಹೋದ ಗೃಹಸ್ಥರು ಹಗಲಲ್ಲಿ ಎದುರಾದರೆ ಇವಳು ಯಾರೋ ಎಂಬಂತೆ ಮುಖ ತಿರುಗಿಸುತ್ತಿದ್ದರು. ಅವಳ ಮನೆಯ ನೀರು ಕುಡಿಯುತ್ತಿರಲಿಲ್ಲ. ಅಲ್ಲ, ದಾರೂ ಕುಡಿಯಬಹುದು, ನೀರು ಕುಡಿಯಬಾರದು, ಇದೆಂಥ ಮರ್ಯಾದೆ ಎಂದು ದುಂಡವ್ವ ಸಣ್ಣವಳಿದ್ದಾಗಲೇ ಕೇಳಿ ಅವ್ವನ ಕೈಯಿಂದ ಹೊಡೆತ ತಿಂದಿದ್ದಳು. ಪೊಲೀಸರು ಮುಂದಿನ ಬಾಗಿಲಿಂದ ಬಂದರೆ ಅವ್ವ ಹಿಂದಿನ ಬಾಗಿಲಿಂದ ಓಡಬೇಕು. ಆ ಬಾಗಿಲು ಗಿಡ್ಡ. ಬಗ್ಗಿಯೇ ಹೊರಗೆ, ಬಗ್ಗಿಯೇ ಒಳಗೆ. ಸಾಯುವ ಹೊತ್ತಿಗೆ ಅವಳ ಬೆನ್ನು ಹಾಗೆಯೇ ಬಾಗಿ ನಿಂತುಬಿಟ್ಟಿತ್ತು. ಹೆಣಕ್ಕೆ ನೀರು ಹಾಕುವಾಗ ಅದನ್ನು ಕಂಡ ದುಂಡವ್ವನಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಅವ್ವ ದಾರೂ ಮಾಡಿದ್ದಕ್ಕೆ ಸಣ್ಣವಳಾಗಲಿಲ್ಲ, ಕದ್ದು ಮಾಡಬೇಕಾದದ್ದಕ್ಕೆ ಸಣ್ಣವಳಾದಳು ಎಂದು ಅವಳ ತಲೆಯಲ್ಲಿ ಕೂತದ್ದು ಕೊನೆಯ ತನಕ ಏಳಲಿಲ್ಲ.

ಮುಂದೆ ಜ್ಯೋತೆಪ್ಪನ ಮಿಲ್ಲು ಮುಚ್ಚಿತು. ದುಂಡವ್ವ ಮಿರಜೆಯಲ್ಲಿ ಗೋವೆ ಕಡೆಯ ಒಬ್ಬ ಮುದಿ ನರ್ಸಬಾಯಿಯ ಮನೆಯ ಅಡಿಗೆಗೆ ಹೋಗತೊಡಗಿದಳು. ಆ ಬಾಯಿ ಕ್ರಿಸ್‌ಮಸ್ಸಿನ ನಾತಾಳ ಹಬ್ಬಕ್ಕೆಂದು ವರ್ಷವೂ ದ್ರಾಕ್ಷಿ ಹಿಂಡಿ ಚೀನಿ ಬರಣಿಯಲ್ಲಿ ವೈನು ಹಾಕುತ್ತಿದ್ದಳು. ಹಿಂಡುವುದು, ಸೋಸುವುದು, ಬರಣಿಯ ಬಾಯಿಗೆ ಅರಿವೆ ಕಟ್ಟುವುದು, ತಿಂಗಳುಗಟ್ಟಲೆ ಕಾಯುವುದು, ಎಲ್ಲ ದುಂಡವ್ವನ ಕೈಗೆ ಬಂತು. ಅತ್ತ ಖಂಡೇರಾಜುರಿಯಲ್ಲಿ ತಮ್ಮ ಲಗಮಣ್ಣನ ದ್ರಾಕ್ಷಿ ತೋಟ. ಗೊಂಚಲು ಸಣ್ಣದು, ಕಾಳು ಒಡೆದದ್ದು ಎಂದು ವ್ಯಾಪಾರಿ ಬಿಟ್ಟುಹೋದ ಹಣ್ಣೆಲ್ಲ ಒಣದ್ರಾಕ್ಷಿ ಮಾಡುವ ಮಣೂಕಿನ ಶೆಡ್ಡಿಗೆ ಹೋಗಿ ಒಣಗುತ್ತಿತ್ತು. ಆ ಹಣ್ಣು, ಈ ಕೈ. ಒಂದು ದಿನ ಊಟಕ್ಕೆ ಕೂತಾಗ ದುಂಡವ್ವ, "ನಾ ಮನಿಯಾಗ ವೈನ ಮಾಡಿ ಮಾರಾಕಿ. ಸರಕಾರದ ಪರವಾನಗಿ ತಗೊಂಡು, ಮುಂದಿನ ಬಾಗಲದಾಗ ಹೆಸರಿನ ಪಾಟಿ ಹಚ್ಚಿ" ಎಂದಳು. ಜ್ಯೋತೆಪ್ಪ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ.

"ನಿಮ್ಮವ್ವಂದು ನೋಡೇ ಸಾಕಾಗಿಲ್ಲೇನ ನಿನಗ?"

"ಅದನ್ನ ನೋಡೇನಿ ಅಂತನ ಪರವಾನಗಿ ಅಂದೆ. ನೀವು ಊಟಾ ಮಾಡ್ರಿ."

ಆ ಕಡೆಯ ಜನ ಅಬಕಾರಿ ಕಚೇರಿಗೆ ಇವತ್ತಿಗೂ ದಾರೂಬಂದಿ ಕಚೇರಿ ಎನ್ನುತ್ತಾರೆ. ದಾರೂ ಬಂದ್ ಮಾಡುವ ಹೆಸರಿನ ಕಚೇರಿಗೆ ಹೋಗಿ, ನೌವಾರಿ ಸೀರೆಯ ಕಚ್ಚೆ ಹಾಕಿದ ಹೆಂಗಸೊಬ್ಬಳು ದಾರೂ ಮಾಡಲು ಪರವಾನಗಿ ಕೊಡಿ ಎಂದರೆ ಸಾಲಿನಲ್ಲಿದ್ದವರು ನಗದೆ ಇರುತ್ತಾರೆಯೇ? ಕಾರಕೂನ ಅರ್ಜಿ ನೋಡಿ, "ಗಂಡನ ಹೆಸರಿಗೆ ಹಾಕಬಾರದೇ?" ಎಂದು ಮರಾಠಿಯಲ್ಲಿ ಕೇಳಿದ. "ಹಿಂಡುವ ಕೈ ನನ್ನದು" ಎಂದು ಅವಳೂ ಮರಾಠಿಯಲ್ಲೇ ಹೇಳಿದಳು. ವಸತಿ ಓಣಿಯಾದ್ದರಿಂದ ಊರಿನ ಕಚೇರಿಯ ಒಪ್ಪಿಗೆ ಬೇಕು, ಅದನ್ನು ತಾ ಎಂದ. ಕುಪವಾಡದ ಕಚೇರಿಯಲ್ಲಿ ಆಗ ಪರಿಚಯದವರಿದ್ದರು, ಒಪ್ಪಿಗೆ ಸಿಕ್ಕಿತು. ಆ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಅವಳು ಮನೆಗೆ ಬಂದಳೋ ಇಲ್ಲವೋ, ಸಾಂಗಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು. ಕಾಗದದ ಮೇಲೆ ಮೊಹರು ಒತ್ತಿದ್ದ ಕಚೇರಿಯೇ ಇಲ್ಲವಾಯಿತು.

ಮತ್ತೆ ಮೊದಲಿನಿಂದ. ಕುಪವಾಡದವರು ಸಾಂಗಲಿಗೆ ಹೋಗು ಎಂದರು. ಸಾಂಗಲಿಯವರು ದಫ್ತರವಿನ್ನೂ ಬಂದಿಲ್ಲ, ಮಿರಜೆಯಲ್ಲಿ ಕೇಳು ಎಂದರು. ಮಿರಜೆಯವರು ಅವಳ ಮುಖ ನೋಡಿ, ಕುಪವಾಡದವಳು ಇಲ್ಲಿಗೇಕೆ ಬಂದೆ ಎಂದರು. ಊರು ಮೂರು ಹೋಗಿ ಒಂದಾಗಿತ್ತು, ಕಚೇರಿ ಮಾತ್ರ ಒಂದು ಹೋಗಿ ಮೂರಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕೈಬಿಡುತ್ತಿದ್ದರು. ದುಂಡವ್ವ ಬುತ್ತಿ ಕಟ್ಟಿಕೊಂಡು ಹೋಗಿ ಸಾಹೇಬನ ಬಾಗಿಲೆದುರೇ ಬಿಚ್ಚಿ ರೊಟ್ಟಿ ತಿಂದಳು. ಬಾಗಿಲು ಕಾಯುವ ಪಟ್ಟೇವಾಲ ಏಳು ಎಂದರೆ, "ನಿಮ್ಮ ಸಾಹೇಬ ಸಹೀ ಮಾಡಿದ ಮ್ಯಾಲ ಏಳತೇನಿ, ಚಟ್ನಿ ಬೇಕೇನ ನಿನಗ?" ಎನ್ನುತ್ತಿದ್ದಳು. ಹೀಗೆ ಮಳೆ ಹೋಗಿ ಚಳಿ ಬಂತು, ಚಳಿ ಹೋಗುವ ಹೊತ್ತಿಗೆ ಸಾಹೇಬ ಬೇಸತ್ತು ಸಹಿ ಮಾಡಿದ. ಇನ್ನು ಉಳಿದದ್ದು ಒಂದೇ. ಅಬಕಾರಿ ಇನ್ಸಪೆಕ್ಟರ್ ಸ್ಥಳಕ್ಕೆ ಬಂದು, ಗುಡಿ ಶಾಲೆ ಹತ್ತಿರ ಇವೆಯೇ ಎಂದು ಅಳೆದು, ಓಣಿಯವರ ತಕರಾರು ಕೇಳಿ ಹೋಗಬೇಕು. ಗುಡಿಯೊಂದು ಹತ್ತಿರವಿದ್ದರೂ ಪರವಾನಗಿ ಇಲ್ಲ.

ಅಷ್ಟರಲ್ಲಿ ದ್ರಾಕ್ಷಿ ಸುಗ್ಗಿ ಮುಗಿಯುತ್ತ ಬಂದಿತ್ತು. ಲಗಮಣ್ಣ ಅಕ್ಕನಿಗಾಗಿ ಕೊನೆಯ ಸಾಲುಗಳನ್ನು ಕೊಯ್ಯದೆ ಬಿಟ್ಟಿದ್ದ. "ಹೋಳಿ ಹುಣ್ಣಿವಿತನಕ ಹಿಡಿತೇನಿ ಅಕ್ಕಾ. ಆಮ್ಯಾಲ ಗಿಡದಾಗನ ಒಣಗತಾವ, ಶೆಡ್ಡಿಗೆ ಒಯ್ಯಲಿಕ್ಕೇಬೇಕು" ಎಂದು ಹೇಳಿಕಳಿಸಿದ್ದ. ಹುಣ್ಣಿವೆ ದಾಟಿದರೆ ಒಂದು ವರ್ಷ ಹೋದಂತೆಯೇ. ಇನ್ನೊಂದು ವರ್ಷ ಕಾಯಲು ಮನೆಯಲ್ಲಿ ಏನೂ ಇರಲಿಲ್ಲ. ಆದರೂ ಪರವಾನಗಿ ಇಲ್ಲದೆ ಒಂದು ಕಾಳನ್ನೂ ಹಿಂಡುವುದಿಲ್ಲ ಎಂದು ಅವಳು ಆಣೆ ಹಾಕಿಕೊಂಡಿದ್ದಳು. ತಂದಿಟ್ಟ ಬರಣಿಗಳನ್ನೆಲ್ಲ ತೊಳೆದು, ನಡುಮನೆಯಲ್ಲಿ ಬೋರಲು ಹಾಕಿಟ್ಟಿದ್ದಳು.

ಇವಳ ಪರವಾನಗಿಯಿಂದ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊಟ್ಟೆನೋವು ಬಂದದ್ದು ಕಾಡಪ್ಪನಿಗೆ. ಓಣಿಯ ತುದಿಯಲ್ಲಿ ಅವನ ಮನೆ, ಅದರ ಹಿಂದಿನ ಬಾಗಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಳ್ಳದಾರೂ. ಯಾರಿಗೆ ಎಷ್ಟು ಹಪ್ತೆ ಕೊಡಬೇಕೋ ಕೊಟ್ಟು ನಿಶ್ಚಿಂತೆಯಿಂದ ಇದ್ದವ. ಪರವಾನಗಿಯ ಮನೆ ಅಂತ ಒಂದು ಆದರೆ ತಪಾಸಣೆಗೆ ತಿಂಗಳು ತಿಂಗಳು ಸಾಹೇಬರು ಓಣಿಗೆ ಬರುತ್ತಾರೆ. ಅದು ಅವನಿಗೆ ಬೇಡ. ಮೊದಲು, "ಅತ್ತಿಗೀ, ನನ್ನಂಗ ಹಿಂದಿನ ಬಾಗಲದಾಗ ಸುಮ್ಮ ಮಾಡ್ರಿ, ನಾ ಸಂಭಾಳಸತೇನಿ" ಎಂದು ನಯವಾಗಿ ಹೇಳಿ ನೋಡಿದ.

"ನಮ್ಮ ಮನಿಗೆ ಹಿಂದಿನ ಬಾಗಲನ ಇಲ್ಲಲ್ಲೋ ಕಾಡಪ್ಪ. ನಿಂದ ಒಂದು ತೆಗೆದು ಕೊಡ್ತೀಯೇನ?"

ಅವನು ನಕ್ಕು ಹೋದ. ಆದರೆ ಆ ನಗೆ ಒಳ್ಳೆಯದಲ್ಲ ಎಂದು ದುಂಡವ್ವನಿಗೆ ತಿಳಿಯಿತು.

ಮೂರೂರು ಒಂದಾದ ಮೇಲೆ ಪಾಲಿಕೆಯವರು ಸಾಂಗಲಿ ರಸ್ತೆ ಅಗಲ ಮಾಡುತ್ತಿದ್ದರು. ಎರಡು ಊರುಗಳ ನಡುವೆ ಇದ್ದ ಶಿವಾರದ ಕಲ್ಲು, ಊರಿನ ಹೆಸರು ಕೊರೆದ ಕರಿ ಗಡಿಕಲ್ಲನ್ನು, ಇನ್ನೇಕೆ ಬೇಕೆಂದು ಕಿತ್ತು ಗಟಾರದ ಬದಿಗೆ ಒಗೆದಿದ್ದರು. ಬಸ್ಸಿಗೆ ಕಾಯುತ್ತ ದುಂಡವ್ವ ಎಷ್ಟೋ ಸಲ ಅದೇ ಕಲ್ಲಿನ ಮೇಲೆ ಕೂತಿದ್ದಳು. ಒಂದು ಮುಂಜಾನೆ ಕಸ ಚೆಲ್ಲಲು ಬಾಗಿಲು ತೆಗೆದರೆ ಆ ಕಲ್ಲು ಅವಳ ಮನೆಯೆದುರಿನ ಬೇವಿನ ಬುಡದಲ್ಲಿ ಮೈತುಂಬ ಶೇಂದರ, ದೇವರಿಗೆ ಹಚ್ಚುವ ಕೇಸರಿ ಸಿಂಧೂರ, ಬಳಿದುಕೊಂಡು ನಿಂತಿತ್ತು.

ಯಾರು ತಂದು ನಿಲ್ಲಿಸಿದರೆಂದು ಕೇಳುವ ಅಗತ್ಯವಿರಲಿಲ್ಲ. ಕಾಡಪ್ಪನ ಮನೆಯಲ್ಲಿ ಕುಡಿಯುವ ಹುಡುಗರ ಕೈಗಳಿಗೆ ಇನ್ನೂ ಶೇಂದರ ಮೆತ್ತಿತ್ತು. ಮಾರುತಿ ಎದ್ದಿದ್ದಾನೆ, ಕನಸಿನಲ್ಲಿ ಬಂದು ಹೇಳಿದ್ದಾನೆ ಎಂದು ಸಾರುವುದು ಅವರ ಹಂಚಿಕೆ. ಹಾಗೆ ಸಾರಿದ್ದರೆ ದುಂಡವ್ವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಬಾಯಿ ತೆಗೆಯುವ ಮೊದಲೇ ಸರುಬಾಯಿ ಚರಿಗೆ ಹಿಡಿದು ಹೊರಗೆ ಬಂದಳು.

ಸರುಬಾಯಿ ಪಕ್ಕದ ಮನೆಯ ಹಿರಿಯಳು, ಕುರಿ ಕಾಯುವ ಮನೆತನದವಳು. ಅವಳ ಗಂಡ ಧೋಂಡಿಬಾ ಕಾಡಪ್ಪನ ಚೀಲ ಕುಡಿದು ಒಂದು ಸಂಜೆ ಕಣ್ಣು ಕಾಣದೆ ಗೋಡೆ ತಡವುತ್ತ ಮನೆಗೆ ಬಂದವ, ಮಿರಜೆ ದವಾಖಾನೆಯಿಂದ ತಿರುಗಿ ಬರಲಿಲ್ಲ. ಅಂದಿನಿಂದ ದಾರೂ ಎಂಬ ಶಬ್ದ ಕಿವಿಗೆ ಬಿದ್ದರೆ ಅವಳು ಉಗುಳುತ್ತಿದ್ದಳು. ದುಂಡವ್ವನ ಅರ್ಜಿಗೆ ಬಿದ್ದ ತಕರಾರಿನಲ್ಲಿ ಮೊದಲ ಹೆಬ್ಬೆಟ್ಟು ಅವಳದೇ. ಸರುಬಾಯಿ ಕಲ್ಲನ್ನು ನೋಡಿದಳು. ಕಣ್ಣಿಲ್ಲ, ಮೂಗಿಲ್ಲ, ಗಡಿಯಿಂದ ಬಂದದ್ದು, ಅಂದರೆ ಕುರಿಯವರ ಗಡಿದೇವರೇ. ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, "ನಮ್ಮಪ್ಪಾ ಮ್ಹಸೋಬಾ" ಎಂದು ಅಡ್ಡಬಿದ್ದಳು. ದೇವರ ವಿಷಯದಲ್ಲಿ ಸರುಬಾಯಿಗೆ ಎದುರು ಹೇಳುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಹುಡುಗರು ಮುಖ ಮುಖ ನೋಡಿಕೊಂಡರು. ಯಾವ ದೇವರಾದರೇನು, ದೇವರು ದೇವರೇ ಎಂದು ಕಾಡಪ್ಪ ಅವರನ್ನು ಸುಮ್ಮನಾಗಿಸಿದ.

ಜ್ಯೋತೆಪ್ಪ ಒಳಗೆ ಬಂದು ಹೆಂಡತಿಯ ಕಿವಿಯಲ್ಲಿ, "ಅದು ಶಿವಾರದ ಕಲ್ಲು ಅಂತ ಸಾಹೇಬಗ ಹೇಳಿಬಿಡು. ಶೇಂದರ ಕೆರದರ ಅಕ್ಷರ ಕಾಣತಾವ" ಎಂದ.

"ಶೇಂದರ ಬಿದ್ದ ಮ್ಯಾಲ ಅದು ಕಲ್ಲಲ್ರಿ. ನಾ ಕೆರಿಯಂಗಿಲ್ಲ, ಕೆರಸಂಗೂ ಇಲ್ಲ. ನನ್ನ ಜಗಳ ಕಾಡಪ್ಪನ ಜೋಡಿ, ದೇವರ ಜೋಡಿ ಅಲ್ಲ."

ಹಾಗೆಂದಳೇನೋ ನಿಜ. ಆದರೆ ಇಷ್ಟೆಲ್ಲ ಕಚೇರಿ ಅಲೆದು, ಕೊನೆಗೆ ಬಸ್ಸಿಗೆ ಕಾಯುವ ಕಲ್ಲು ಅಡ್ಡ ಬಂದು ನಿಂತಿತಲ್ಲ ಎಂದು ಗೊಣಗುತ್ತ ತೊಳೆದಿಟ್ಟ ಬರಣಿಗಳನ್ನೇ ಮತ್ತೆ ತೊಳೆದಳು.

ಶಿವರಾತ್ರಿಯ ಮರುದಿನ ಅಮಾವಾಸ್ಯೆ. ಮಟಮಟ ಮಧ್ಯಾಹ್ನ ಸರುಬಾಯಿ ಬಗಲಲ್ಲಿ ಹುಂಜ ಇರುಕಿಕೊಂಡು ದುಂಡವ್ವನ ಬಾಗಿಲಿಗೆ ಬಂದು ನಿಂತಳು. ತಕರಾರಿಗೆ ಹೆಬ್ಬೆಟ್ಟು ಒತ್ತಿದ ಮೇಲೆ ಅವಳು ಈ ಹೊಸ್ತಿಲಿಗೆ ಬಂದಿರಲಿಲ್ಲ.

"ಒಳಗ ಬರ್ರಿ ಮಾವಶಿ, ಕುಂದರ್ರಿ" ಎಂದಳು ದುಂಡವ್ವ.

"ಕುಂದರಾಕ ಬಂದಿಲ್ಲ. ಅಮಾಸಿ ಐತಿ. ದೇವರಿಗೆ ಒಂದೀಟು ಬೇಕು."

"ಏನ ಬೇಕ್ರಿ?"

"ಗೊತ್ತಿದ್ದೂ ಕೇಳಬ್ಯಾಡ."

ದುಂಡವ್ವನಿಗೆ ಗೊತ್ತಿತ್ತು. ಕುರಿಯವರ ಮನೆಗಳಲ್ಲಿ ಮ್ಹಸೋಬನಿಗೆ ಅಮಾವಾಸ್ಯೆಯ ದಿನ ಹುಂಜ ಕೊಯ್ದು, ಮೇಲೆ ದಾರೂ ಸುರಿಯಲೇಬೇಕು. ಸುರಿಯದಿದ್ದರೆ ದೇವರು ಮನೆಯವರನ್ನು ಹಿಡಿಯುತ್ತಾನೆ. ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು, ಗೆದ್ದದ್ದು ಸಿಟ್ಟು.

"ನನ್ನ ಬಾಗಲಾ ಮುಚ್ಚಸಾಕ ಕುಂದರಿಸಿದ ದೇವರಿಗೆ ನನ್ನ ಬಾಗಲದಾಗಿಂದನ ದಾರೂ ಬೇಕೇನ್ರಿ ಮಾವಶಿ?"

"ನಾ ಕುಂದರಿಸಿಲ್ಲ. ಕುಂತಿದ್ದ, ನೀರ ಹಾಕಿದೆ."

"ಕಾಡಪ್ಪನ ಮನಿ ಇಲ್ಲೇ ಐತಲ್ಲ."

ಅಂದ ಮೇಲೆ ಯಾಕೆ ಅಂದೆನೋ ಅನಿಸಿತು. ಸರುಬಾಯಿ ಪಕ್ಕಕ್ಕೆ ಉಗುಳಿದಳು. "ಆ ಮನಿ ಮೆಟ್ಟಲಾ ಹತ್ತೂದ್ಕಿಂತ ನಾ ಗಟಾರದಾಗ ಬಿದ್ದ ಸಾಯತೇನಿ" ಎಂದಳು.

ದುಂಡವ್ವ ಅವಳ ಕೈ ಹಿಡಿದು ನಡುಮನೆಗೆ ಕರೆದೊಯ್ದು ಬೋರಲು ಹಾಕಿದ ಬರಣಿಗಳನ್ನು ತೋರಿಸಿದಳು. ಒಂದನ್ನು ಎತ್ತಿ ಅವಳ ಮೂಗಿನ ಹತ್ತಿರ ಹಿಡಿದಳು. ತೊಳೆದ ಮಣ್ಣಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಒಂದು ಹನೀನೂ ಇಲ್ರಿ. ಪರವಾನಗಿ ಬರೂತನಕ ಈ ಮನಿಯಾಗ ದೇವರಿಗೂ ಇಲ್ಲ, ದೆವ್ವಕ್ಕೂ ಇಲ್ಲ."

"ಬಂದ ಮ್ಯಾಲ ಏನ ಬ್ಯಾರೇ ಆಗತೈತಿ? ನೀ ಮಾಡೂದೂ ಗಂಡಸರನ್ನ ಕೆಡಸೂದ."

"ಕೆಡಸತೈತಿ. ಇಲ್ಲ ಅಂತ ನಾ ಸುಳ್ಳ ಹೇಳಂಗಿಲ್ಲ. ಆದರ ಬಾಟಲಿ ಮ್ಯಾಲ ನನ್ನ ಹೆಸರ ಇರತೈತಿ, ಬಾಗಲದ ಮ್ಯಾಲ ನನ್ನ ಹೆಸರ ಇರತೈತಿ. ಯಾರಿಗರೆ ಏನರೆ ಆದರ ಹಗಲ ಹೊತ್ತಿನ್ಯಾಗ ಬಂದು ನನ್ನ ಜುಟ್ಟ ಹಿಡೀಬಹುದು. ನಿಮ್ಮ ಯಜಮಾನ್ರು ಹೋದಾಗ ನೀವು ಯಾರ ಜುಟ್ಟ ಹಿಡದ್ರಿ? ಹಣೆಬರಾ ಅಂತ ದೇವರನ್ನ ಬೈದು ಸುಮ್ಮ ಕುಂತ್ರಿ."

ಸರುಬಾಯಿ ಬರಣಿಯ ಬಾಯಿಯನ್ನು ಕೈಯಿಂದ ಸವರಿದಳು. ಬಗಲಲ್ಲಿ ಹುಂಜ ಒದ್ದಾಡಿತು. ಕೊನೆಗೆ, "ಅಂವಗ ನಾ ಏನ ಹೇಳ್ಲಿ?" ಎಂದು ಬೇವಿನ ಬುಡದ ಕಡೆ ಗೋಣು ತಿರುಗಿಸಿದಳು.

"ತಡಿ ಅಂತ ಹೇಳ್ರಿ. ನಾ ಎಲ್ಲಾ ಕಚೇರಿ ಮುಂದ ನಿಂತು ಬಂದೇನಿ, ಅಂವಾನೂ ಒಂದೀಟು ನಿಂದರಲಿ."

ಹೋಳಿ ಹುಣ್ಣಿವೆಗೆ ಕೆಲವೇ ದಿನ ಉಳಿದಾಗ ಇನ್ಸಪೆಕ್ಟರ್ ಬಂದ. ಕೈಯಲ್ಲಿ ಟೇಪು, ಹಿಂದೆ ಒಬ್ಬ ಸಿಪಾಯಿ. ಓಣಿ ತುಂಬ ಜನ. ಕಾಡಪ್ಪ ಬಿಳಿ ಟೊಪ್ಪಿಗೆ ಹಾಕಿ, ಹಣೆಗೆ ಉದ್ದಕ್ಕೆ ಕುಂಕುಮ ಎಳೆದು, ಹುಟ್ಟಿದಾಗಿನಿಂದ ಪೂಜಾರಿಯೇ ಎಂಬಂತೆ ಕಲ್ಲಿನ ಪಕ್ಕ ಕೈಕಟ್ಟಿ ನಿಂತಿದ್ದ. ಸಿಪಾಯಿ ದುಂಡವ್ವನ ಹೊಸ್ತಿಲಿಂದ ಟೇಪು ಎಳೆದ. ಅದು ಅರ್ಧ ಬಿಚ್ಚುವ ಮೊದಲೇ ಕಲ್ಲು ಬಂದುಬಿಟ್ಟಿತು. ದುಂಡವ್ವ ಅದನ್ನು ಕಂಡಳು. ಆದರೂ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು.

"ಇದು ಯಾವ ದೇವರು? ದಫ್ತರದಲ್ಲಿಲ್ಲ" ಎಂದು ಇನ್ಸಪೆಕ್ಟರ್ ಮರಾಠಿಯಲ್ಲಿ ಕೇಳಿದ.

"ಮ್ಹಸೋಬಾ, ಸಾಹೇಬ. ಜಾಗೃತ ಸ್ಥಾನ. ದಫ್ತರದಲ್ಲಿ ಇಲ್ಲದಿದ್ದರೇನು, ಓಣಿಯವರ ಭಾವನೆ ಇದೆಯಲ್ಲ" ಎಂದ ಕಾಡಪ್ಪ. "ಬಹಳ ಕಡಕ ದೇವರು. ದಾರೂ ವಾಸನೆ ಕೂಡ ಸಹಿಸುವುದಿಲ್ಲ."

"ಸುಳ್ಳ."

ಎಲ್ಲರೂ ತಿರುಗಿ ನೋಡಿದರು. ಸರುಬಾಯಿ ಹೆಂಗಸರನ್ನು ಸರಿಸಿ ಮುಂದೆ ಬಂದಳು. "ದೇವರ ಮುಂದ ನಿಂತು ಸುಳ್ಳ ಹೇಳತಾನ. ಮ್ಹಸೋಬಾ ಹುಂಜ ತಗೋತಾನ, ದಾರೂ ತಗೋತಾನ. ನಮ್ಮಜ್ಜ ಮುತ್ತಜ್ಜ ಕೊಟ್ಟಾರ, ನಾನೂ ಕೊಟ್ಟೇನಿ."

ಇನ್ಸಪೆಕ್ಟರಿಗೆ ಕನ್ನಡ ಬಾರದು. "ಏನನ್ನುತ್ತಾಳೆ?" ಎಂದು ದುಂಡವ್ವನ ಕಡೆ ನೋಡಿದ. ಹೇಳಿಬಿಟ್ಟರೆ ಅವಳ ಕೆಲಸ ಆದಂತೆಯೇ. ಜ್ಯೋತೆಪ್ಪ ಹಿಂದಿನಿಂದ ಅವಳ ಸೆರಗು ಜಗ್ಗಿದ. ದುಂಡವ್ವ ತಲೆಯಾಡಿಸಿದಳು.

"ನಾ ಹೇಳಿದರ ಅದು ನನ್ನ ಮಾತ ಆಗತೈತಿ. ಮಾವಶಿ, ಮರಾಠಿನಾಗ ನೀವ ಹೇಳ್ರಿ."

ಸರುಬಾಯಿ ಹೇಳಿದಳು. ಮೊದಲಿಗಿಂತ ಗಟ್ಟಿಯಾಗಿ, ಓಣಿಯ ಆ ತುದಿಗೂ ಕೇಳುವಂತೆ. ಇನ್ಸಪೆಕ್ಟರ್ ಮೀಸೆಯಡಿ ನಗು ಅಡಗಿಸಿ, "ಹಾಗಾದರೆ ಮೊನ್ನೆ ಅಮಾವಾಸ್ಯೆಗೆ ಕೊಟ್ಟೆಯೇನು?" ಎಂದ.

"ಹುಂಜ ಕೊಟ್ಟೆ. ದಾರೂ ಕೊಡಲಿಲ್ಲ. ಇವಳ ಮನೆಯಲ್ಲಿ ಬರಣಿ ಒಣಗಿ ಕೂತಿವೆ, ಕಣ್ಣಾರೆ ನೋಡಿದ್ದೇನೆ. ಈ ಓಣಿಯಲ್ಲಿ ಇರುವುದು ಇವನ ದಾರೂ ಒಂದೇ." ಅವಳ ಬೆರಳು ಕಾಡಪ್ಪನ ಕುಂಕುಮಕ್ಕೇ ಗುರಿಯಿಟ್ಟಿತ್ತು. "ಅದು ನನ್ನ ಗಂಡನ ಕಣ್ಣು ತಿಂದಿತು, ಆಮೇಲೆ ಗಂಡನನ್ನೇ ತಿಂದಿತು. ಅದನ್ನು ದೇವರ ಮೇಲೆ ಹೇಗೆ ಸುರಿಯಲಿ, ಸಾಹೇಬ?"

ಅವಳು ಇಷ್ಟು ವರ್ಷ ನುಂಗಿಕೊಂಡು ಕೂತದ್ದು ಎಲ್ಲರಿಗೂ ಗೊತ್ತಿದ್ದ ಮಾತೇ, ಆಡಿದವರು ಮಾತ್ರ ಯಾರೂ ಇರಲಿಲ್ಲ. ಇನ್ಸಪೆಕ್ಟರಿನ ನಗು ಹೋಯಿತು. "ತಕರಾರಿನಲ್ಲಿ ಮೊದಲ ಹೆಬ್ಬೆಟ್ಟು ನಿನ್ನದು. ಅದಕ್ಕೆ ಏನು ಬರೆಯಲಿ?" ಎಂದು ಕೇಳಿದ.

"ನನ್ನ ತಕರಾರು ಎಲ್ಲಾ ದಾರೂ ಮೇಲೂ ಇದೆ, ಸಾಯುವ ತನಕ ಇರುತ್ತದೆ. ಆದರೆ ಕೇಳಿ ಮಾಡುವವಳನ್ನು ತಡೆದು, ಕದ್ದು ಮಾಡುವವನನ್ನು ಬಿಡುವುದಿದ್ದರೆ ನನ್ನ ಹೆಬ್ಬೆಟ್ಟು ಅದರಲ್ಲಿ ಬೇಡ. ಅಳಿಸಿಬಿಡಿ."

ದಫ್ತರದಲ್ಲಿಲ್ಲದ ಕಲ್ಲು, ಅದೂ ದಾರೂ ಕುಡಿಯುವ ದೇವರು, ಅಡ್ಡಿಯಿಲ್ಲ ಎಂದು ಬರೆದುಕೊಂಡು ಇನ್ಸಪೆಕ್ಟರ್ ಟೇಪು ಸುತ್ತಿಸಿದ. "ಇವನ ಮನೆ ಯಾವುದು? ಹಿಂದಿನ ಬಾಗಿಲು ಎಲ್ಲಿ?" ಎಂದು ಕೇಳಿದ. ಓಣಿಗೆ ಓಣಿಯೇ ಕೈಯೆತ್ತಿ ತೋರಿಸಿತು. ಅವನ ಮನೆಯಲ್ಲಿ ದಿನಾ ಕುಡಿಯುವ ಹುಡುಗರೂ ತೋರಿಸಿದರು. ಕಾಡಪ್ಪ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ, ಕುಂಕುಮ ಮುಖವೆಲ್ಲ ಆಯಿತು.

ಹೋಳಿ ಹುಣ್ಣಿವೆಗೆ ಮೊದಲೇ ಪರವಾನಗಿ ಬಂತು. ದುಂಡವ್ವ ತನ್ನ ಹೆಸರನ್ನು ಬೆರಳಿಟ್ಟು ಓದಿದಳು, ಮತ್ತೆ ಓದಿದಳು, ಆಮೇಲೆ ಗೋಡೆಗೆ ಆತು ಕೂತು ಸತ್ತ ಅವ್ವನನ್ನು ನೆನೆದು ಗಟ್ಟಿಯಾಗಿ ಅತ್ತಳು. ಮರುದಿನ ಲಗಮಣ್ಣ ಟೆಂಪೋ ತುಂಬ ಹಣ್ಣು ತಂದು ಸುರಿದ. ಅಡಿಗೆಮನೆ, ನಡುಮನೆ ಎಲ್ಲ ದ್ರಾಕ್ಷಿ. ಜ್ಯೋತೆಪ್ಪನ ಅಂಗಿಯ ಕಲೆ ಎಂದಿಗೂ ಹೋಗಲಿಲ್ಲ. ಬರಣಿಗಳ ಬಾಯಿಗೆ ಅರಿವೆ ಕಟ್ಟಿ, ಸೋಸಿ, ಮತ್ತೆ ಕಟ್ಟಿ, ಮಳೆಗಾಲ ದಾಟಿಸಿ, ದೀಪಾವಳಿಯ ಹೊತ್ತಿಗೆ ಮೊದಲ ಬಾಟಲಿಗಳು ತುಂಬಿದವು. ಮುಂದಿನ ಬಾಗಿಲ ಮೇಲೆ ಪಾಟಿ ಹಚ್ಚಿದಳು. ಅದರ ಮೇಲೆ ದೊಡ್ಡದಾಗಿ ಅವಳ ಹೆಸರು.

ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಎಲ್ಲರೆದುರಿಗೆ ಸರುಬಾಯಿ ಬಂದಳು. ಮೊದಲ ಬಾಟಲಿ ಅವಳ ಕೈಗೇ ಹೋಯಿತು. ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ, ಹಾಗೆಯೇ ಹಿಡಿದು ರಸ್ತೆ ದಾಟಿ, ಕಲ್ಲಿನ ಮೇಲೆ ಸುರಿದಳು. ಖಾಲಿ ಬಾಟಲಿ ತಂದು ಹೊಸ್ತಿಲ ಮೇಲಿಟ್ಟು, ದುಂಡವ್ವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಕೇಳ ಇಲ್ಲೆ. ನಿನ್ನ ಬಾಟಲಿಯಿಂದ ಈ ಓಣಿಯಾಗ ಒಬ್ಬಂವಾ ಕೆಟ್ಟರೂ ಆ ದೇವರನ್ನ ಕಿತ್ತು ತಂದು ನಿನ್ನ ಬಾಗಲಾ ಒಡೀತೇನಿ."

"ಒಡೀರಿ ಮಾವಶಿ" ಎಂದಳು ದುಂಡವ್ವ. "ಹಗಲ ಹೊತ್ತಿನ್ಯಾಗ ಬಂದು, ಮುಂದಿನ ಬಾಗಲಾ ಒಡೀರಿ. ನಾ ಒಳಗನ ಇರತೇನಿ."